ತೋಟೆಯ ಮೇಲಿನ ಬೂಷ್ಟು

ಪ್ರೀತಿಯ ತಮ್ಮಲೆ,

ನಿನ್ನೆ ಮಧ್ಯಾಹ್ನ ಗಂಜಿ ಉಂಡು ಅಂಗಡಿಯ ಬೆಂಚಿನ ಮೇಲೆ ಸ್ವಲ್ಪ ಒರಗಿದ್ದೆ, ಕೆಟ್ಟ ಕನಸು ಬಿತ್ತು. ನೀವು ಮುರಕಲ್ಲಿನ ಕೋರೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿದ್ದೀರಿ. ರೈಫಲು ಮರಳಿನ ಚೀಲದ ಮೇಲುಂಟು. ಒಂದು ಗುಂಡು ಹೊಡೆದಿರಿ. ಯಾವಾಗಿನ ಹಾಗೆ ತಲೆ ಎತ್ತದೆಯೇ "ಎಲ್ಲಿ ಬಿತ್ತು ಸುಧಾಕರ?" ಎಂದು ಕೇಳಿದಿರಿ. ನಾನು ದುರ್ಬೀನಿನಲ್ಲಿ ನೋಡಿದರೆ ಕಾಗದ ಪೂರಾ ಬಿಳಿ. ತೂತು ಬಿಡಿ, ನಡುವಿನ ಕಪ್ಪು ವೃತ್ತ ಸಹ ಇಲ್ಲ. ನೀವು ಮತ್ತೆ ಹೊಡೆದಿರಿ, ಮತ್ತೆ ಕೇಳಿದಿರಿ. ನಾನು ದುರ್ಬೀನು ತಿರುಗಿಸುತ್ತಲೇ ಇದ್ದೇನೆ. ಎಚ್ಚರವಾದಾಗ ಎದುರಿಗೆ ಗಿರಾಕಿಯೊಬ್ಬ ಪಂಕ್ಚರಾದ ಸೈಕಲ್ ಹಿಡಿದುಕೊಂಡು ನಿಂತಿದ್ದ. "ಎಂತ ಮಾರಾಯ, ನಿದ್ರೆಯಲ್ಲಿ ಯಾರಿಗೆ ಗೊತ್ತಿಲ್ಲ ಗೊತ್ತಿಲ್ಲ ಅಂತ ಹೇಳ್ತಾ ಇದ್ದಿ? ಸಾಲ ಕೊಟ್ಟವನು ಬಂದಿದ್ದಾನಾ?" ಎಂದು ನಗಾಡಿದ. ನನಗೆ ನಗು ಬರಲಿಲ್ಲ.

ಅದಕ್ಕೇ ಈ ಕಾಗದ. ಅಮ್ಮನ ಅಣ್ಣನಿಗೆ ನಾವು ತುಳುವಿನಲ್ಲಿ ತಮ್ಮಲೆ ಅನ್ನುತ್ತೇವೆ, ಕನ್ನಡದಲ್ಲಿ ಬರೆಯುವಾಗ ಮಾವ ಎಂದು ಬರೆಯಬೇಕೋ ಏನೋ. ಬರೆದು ನೋಡಿದೆ, ಬೇರೆ ಯಾರಿಗೋ ಬರೆದ ಹಾಗೆ ಕಂಡಿತು, ಹೊಡೆದು ಹಾಕಿದೆ. ಎಂಟನೆಯ ಕ್ಲಾಸನ್ನು ಅರ್ಧಕ್ಕೆ ಬಿಟ್ಟು, ಮತ್ತೆ ಸೇರಿ, ಮತ್ತೆ ಬಿಟ್ಟವನು ನಾನು, ನಿಮಗೆ ಗೊತ್ತುಂಟಲ್ಲ. ತಪ್ಪಿದ್ದರೆ ಬಯ್ಯಬೇಡಿ. ನೀವು ಹೋಗಿ ಒಂದು ಮಳೆಗಾಲ ಕಳೆಯಿತು. ಇಷ್ಟು ದಿನ ಬರೆಯದವನು ಈಗ ಬರೆಯುವುದು ನಿಮ್ಮ ಕಣ್ಣಿನ ವಿಷಯಕ್ಕಾಗಿ. ನಿಮ್ಮ ಕಣ್ಣು ನಿಜವಾಗಿ ಹೋಗಿತ್ತೋ ಇಲ್ಲವೋ ಎಂಬುದು ನನಗೆ ಗೊತ್ತಾಗಲೇಬೇಕು. ಗೊತ್ತಾಗದೆ ಮಾಮಿಯ ಮುಖ ನೋಡಿ ಮಾತಾಡಲಿಕ್ಕೆ ನನ್ನಿಂದ ಆಗುತ್ತಿಲ್ಲ. ಹೋದರೆ ಎಲ್ಲಿ ಬಾಯಿ ತಪ್ಪುತ್ತದೋ ಎಂದು ಹೆದರಿಕೆ, ಹೋಗದಿದ್ದರೆ ಅವರು ಎಂತ ಗ್ರಹಿಸುತ್ತಾರೋ ಎಂದು ಇನ್ನೊಂದು ಹೆದರಿಕೆ...

ನನ್ನನ್ನು ಮೊದಲ ಸಲ ಕೋರೆಗೆ ಕರೆಸಿಕೊಂಡ ದಿನ ನೆನಪುಂಟಾ? ಮಿಲಿಟರಿಯಲ್ಲಿ ಅಷ್ಟು ವರ್ಷ ಬಂದೂಕು ರಿಪೇರಿ ಮಾಡಿ ನೀವು ಕಾರ್ಕಳಕ್ಕೆ ಬಂದು ಕೂತಿದ್ದಿರಿ. ಮಣಿಪಾಲದ ಕೆಲವು ಡಾಕ್ಟ್ರುಗಳು, ಕಾಲೇಜಿನ ಮಾಸ್ಟ್ರುಗಳು ಸೇರಿ ರೈಫಲ್ ಕ್ಲಬ್ಬು ಮಾಡಿದಾಗ ನಿಮ್ಮನ್ನು ಹುಡುಕಿಕೊಂಡು ಬಂದರು. ಕಲ್ಲು ಕಡಿದು ಬಿಟ್ಟ ಹಳೆಯ ಕೋರೆ, ಮೂರು ಕಡೆ ಕೆಂಪು ಗೋಡೆ, ಗುಂಡು ಹೊರಗೆ ಹೋಗುವ ಹಾಗಿಲ್ಲ. ಚೀಲಕ್ಕೆ ತುಂಬಿಸಲು ನೀವು ಮರಳು ತರಲು ಹೇಳಿದ್ದಿರಿ. ನಾನು ಕಾಪುವಿನ ಕಡಲ ಬದಿಯಿಂದ ಗೋಣಿಯಲ್ಲಿ ತುಂಬಿಸಿ ಎರಡು ಬಸ್ಸು ಹತ್ತಿಳಿದು ಬಂದಿದ್ದೆ. ಕಂಡಕ್ಟರ್ ಲಗೇಜು ಟಿಕೇಟು ಬೇರೆ ಹರಿದಿದ್ದ. ನೀವು ಒಂದು ಚಿಟಿಕೆ ಮರಳು ತೆಗೆದು ನಾಲಗೆಗೆ ತಾಗಿಸಿ, "ಉಪ್ಪುಂಟು. ಚೆನ್ನಾಗಿ ತೊಳೆದು ಒಣಗಿಸಿ ತಾ. ರೈಫಲಿಗೆ ತುಕ್ಕು ಹಿಡಿಸ್ಲಿಕ್ಕೆ ನಿನ್ನನ್ನು ಕರೆದದ್ದಲ್ಲ," ಎಂದಿರಿ. ಅಷ್ಟು ದೂರ ಹೊತ್ತು ತಂದದ್ದಕ್ಕೆ ಒಂದು ಒಳ್ಳೆಯ ಮಾತಿಲ್ಲ. ಆದರೆ ಮರುವಾರ ತೊಳೆದ ಮರಳು ತಂದಾಗ ನಿಮ್ಮ ಪಕ್ಕದಲ್ಲಿ ಚಾಪೆ ಹಾಕಿಸಿದಿರಿ. ದುರ್ಬೀನು ನನ್ನ ಕೈಗೆ ಬಂತು. ಆಮೇಲೆ ಭಾನುವಾರ ಎಂದರೆ ನನಗೆ ಕೋರೆಯೇ.

ಮದ್ದು, ಗುಂಡು ತುಂಬಿದ ಹೊಸ ತೋಟೆ ಬಂದ ದಿನ ನಿಮ್ಮ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಟೂ-ಟೂ ಎಂದು ಎಲ್ಲರೂ ಕರೆಯುವ ಸಣ್ಣ ರೈಫಲು, ಅದರ ತೋಟೆ ಕಿರುಬೆರಳಿಗಿಂತ ಸಪೂರ. ಪೆಟ್ಟು ಬೀಳುವುದು ತೋಟೆಯ ಹಿಂಭಾಗದ ನಡುವಿಗಲ್ಲ, ಅಂಚಿಗೆ. ಆ ಅಂಚಿನ ಒಳಗೆ ಸುತ್ತಲೂ ಚೂರು ಮದ್ದು. "ಒಂದರಲ್ಲಿ ಕೂದಲೆಳೆ ಹೆಚ್ಚು, ಒಂದರಲ್ಲಿ ಕಡಿಮೆ. ಬ್ಯಾಚು ಬದಲಾದ್ರೆ ಸ್ವಭಾವವೇ ಬದಲು. ಈ ರೈಫಲಿಗೆ ಹಿಡಿಸಿದ್ದು ಆ ರೈಫಲಿಗೆ ಹಿಡಿಸ್ಲಿಕ್ಕಿಲ್ಲ. ಮದುವೆ ಮಾಡಿಸುವ ಹಾಗೆ, ಜಾತಕ ನೋಡ್ಬೇಕು," ಎನ್ನುತ್ತಿದ್ದಿರಿ. ಪ್ರತಿ ಬ್ಯಾಚನ್ನೂ ಪ್ರತಿ ರೈಫಲಿಗೂ ಹಾಕಿ, ಮರಳಿನ ಚೀಲದ ಮೇಲಿಟ್ಟು, ಉಸಿರು ಕಟ್ಟಿ ಐದೈದು ಗುಂಡು. ಆಮೇಲೆ ಕಾಗದ ಕಿತ್ತು ತಂದು ತೂತುಗಳ ಮೇಲೆ ಒಂದು ಪಾವಲಿ ಇಡುವುದು. ಐದೂ ತೂತು ನಾಲ್ಕಾಣೆಯ ಆ ನಾಣ್ಯದ ಅಡಿಯಲ್ಲಿ ಅಡಗಿದರೆ ಪಾಸು. ಒಂದು ತೂತು ಹೊರಗೆ ಇಣುಕಿದರೂ ನೀವು "ಬೇಡ, ಈ ಸಂಬಂಧ ಬೇಡ" ಎಂದು ಬಿಡುತ್ತಿದ್ದಿರಿ. ಕ್ಲಬ್ಬಿನ ಸೆಕ್ರೆಟರಿಯಾಗಿದ್ದ ಇಂಜಿನಿಯರಿಂಗ್ ಕಾಲೇಜಿನ ಕಾಮತ್ ಮಾಸ್ಟ್ರು ಅಡಿಕೋಲು ತಂದು ಅಳೆಯುತ್ತೇನೆ ಎಂದಾಗ, "ಅಳೆಯಿರಿ ಮಾಸ್ಟ್ರೇ, ಪಾವಲಿಗೆ ಬೇಜಾರಿಲ್ಲ," ಎಂದು ನಕ್ಕಿರಿ. ಇಬ್ಬರ ಲೆಕ್ಕವೂ ಸರಿಯಾಗಿಯೇ ಬರುತ್ತಿತ್ತು.

ನಳಿಕೆ ತೊಳೆಯುವ ವಿಷಯದಲ್ಲಿ ಮಾತ್ರ ನೀವು ಯಾರ ಮಾತೂ ಕೇಳಿದವರಲ್ಲ. ನಾನು ಒಮ್ಮೆ ತಂತಿಯ ಬ್ರಶ್ ತೆಗೆದದ್ದೇ ತಡ, ಕೈಗೆ ಪೆಟ್ಟು ಬಿತ್ತು. "ಪಳಗಿದ ದೋಸೆ ಕಾವಲಿಯನ್ನು ನಿನ್ನ ಅಮ್ಮ ಬೂದಿ ಹಾಕಿ ಉಜ್ಜುತ್ತಾಳಾ? ಉಜ್ಜಿದ್ರೆ ಮರುದಿನ ದೋಸೆ ಏಳ್ತದಾ?" ಎಂದು ಕೇಳಿದಿರಿ. ಈ ಗುಂಡಿನ ತಲೆಗೆ ಮೇಣ ಹಚ್ಚಿರುತ್ತಾರೆ, ಆ ಮೇಣ ನಳಿಕೆಯ ಒಳಗೆ ತೆಳ್ಳಗೆ ಹಿಡಿದುಕೊಂಡ ಮೇಲೆಯೇ ಗುಂಡು ಹೇಳಿದಲ್ಲಿಗೆ ಹೋಗುವುದು, ಅದಕ್ಕೇ ಮೊದಲ ಕೆಲವು ಗುಂಡು ಲೆಕ್ಕಕ್ಕಿಲ್ಲ ಎಂದು ಅಂದೇ ಹೇಳಿಕೊಟ್ಟದ್ದು. ಒಂದು ಒಣ ಫ್ಲಾನಲ್ ಬಟ್ಟೆ ಎಳೆದರೆ ಮುಗಿಯಿತು, ಬ್ರಶ್ ಪೆಟ್ಟಿಗೆಯಲ್ಲೇ ಇರಲಿ. ಅಷ್ಟು ವರ್ಷ ಅದೇ ಕಾಯಿದೆ. ಹೌದಲ್ವಾ?

ಹೋದ ವರ್ಷ ಸೋಣ ತಿಂಗಳು ಮುಗಿದು ಮೊದಲ ಬಿಸಿಲು ಬಿದ್ದ ಆ ಭಾನುವಾರ. ಮಳೆಗಾಲವಿಡೀ ಕೋರೆಯಲ್ಲಿ ನೀರು, ಯಾರೂ ಹೊಡೆದಿರಲಿಲ್ಲ. ರಾಜ್ಯದ ಸ್ಪರ್ಧೆಗೆ ಏಳನೇ ನಂಬರಿನ ರೈಫಲು ಸಿದ್ಧ ಮಾಡಬೇಕಿತ್ತು. ಅದು ನಿಮ್ಮ ಪ್ರೀತಿಯದು, ಮರದ ಹಿಡಿಯನ್ನು ನೀವೇ ಕೆತ್ತಿ ಕೂರಿಸಿದ್ದು. ಕ್ಲಬ್ಬಿನ ತೋಟೆಗಳು ನಿಮ್ಮ ಲೈಸೆನ್ಸಿನಲ್ಲಿ ನಿಮ್ಮ ಮನೆಯ ಕಪಾಟಿನಲ್ಲಿ ಇರುತ್ತಿದ್ದವು. ಅಲ್ಲಿಂದ ಮೇಲಿನ ಪೆಟ್ಟಿಗೆ ತಂದಿರಿ. ಹೊಡೆದಿರಿ. "ಎಲ್ಲಿ ಬಿತ್ತು?" ನಾನು ಹೇಳಿದೆ, ಎಡಕ್ಕೆ. ಆಮೇಲೆ ಮೇಲೆ. ಆಮೇಲೆ ಕೆಳಗೆ, ಕಪ್ಪಿನಿಂದ ಹೊರಗೆ. ನಾನು ದುರ್ಬೀನು ಒರೆಸಿ ಒರೆಸಿ ನೋಡಿದೆ. ಕಾಗದ ತಂದಾಗ ಪಾವಲಿ ಬಿಡಿ, ಚಾದ ಸಾಸರು ಇಟ್ಟರೂ ಮುಚ್ಚುವ ಹಾಗಿರಲಿಲ್ಲ. ನೀವು ಕಪಾಟಿನ ಅಡಿಯಿಂದ ತಂದ ಪ್ಲಾಸ್ಟಿಕ್ ಸುತ್ತಿದ ಇನ್ನೊಂದು ಪೆಟ್ಟಿಗೆ ಬಿಚ್ಚಿದಿರಿ. ಅದೂ ಚೆಲ್ಲಾಪಿಲ್ಲಿ. "ಎರಡು ಪೆಟ್ಟಿಗೆಯೂ ಹಾಳಾಗ್ಲಿಕ್ಕೆ ಸಾಧ್ಯ ಇಲ್ಲ. ತೋಟೆಯದ್ದಲ್ಲ ಇದು," ಎಂದಿರಿ. ಆಮೇಲೆ ರೈಫಲನ್ನು ನನ್ನ ಕೈಗೆ ಕೊಟ್ಟು ಹೇಳಿದ್ದು ಕೇಳಿ ನಾನು ದಂಗಾಗಿ ಹೋದೆ. "ಬ್ರಶ್ ಹಾಕು. ಚೆನ್ನಾಗಿ ಉಜ್ಜು. ಆಮೇಲೆ ಮಾಸ್ಟ್ರಿಗೆ ಕೊಡು."

ಮುಂದಿನ ಭಾನುವಾರ ಕಾಮತ್ ಮಾಸ್ಟ್ರು ಅದೇ ಏಳನೇ ನಂಬರಿನಿಂದ, ಅದೇ ಪ್ಲಾಸ್ಟಿಕ್ ಪೆಟ್ಟಿಗೆಯ ತೋಟೆಯಿಂದ ಹೊಡೆದರು. ಮೊದಲ ಕೆಲವನ್ನು ಬಿಟ್ಟರೆ ಐದೂ ಒಂದರ ಮೈ ಮೇಲೆ ಒಂದು. ಪಾವಲಿ ಇಟ್ಟಿರಿ, ಮುಚ್ಚಿತು. ಮಾಸ್ಟ್ರು ನಿಮ್ಮ ಮುಖ ನೋಡಲಾಗದೆ ಕೋರೆಯ ಗೋಡೆ ನೋಡುತ್ತಾ ನಿಂತರು. ನೀವೇ ನಗಾಡಿದಿರಿ. "ರೈಫಲು ಸರಿ ಉಂಟು, ತೋಟೆ ಸರಿ ಉಂಟು. ಉಳಿದದ್ದು ಯಾರು ಹೇಳು ನೋಡುವ?" ಎಂದು ನನ್ನನ್ನು ಕೇಳಿದಿರಿ. ಆಮೇಲೆ ನೀವೇ "ಕಣ್ಣು ಮಾರಾಯ. ಹೋಯ್ತು ನನ್ನದು," ಎಂದು ಚಾಪೆ ಮಡಚಿದಿರಿ. ಅದೇ ಕೊನೆ. ಆಮೇಲೆ ನೀವು ಕೋರೆಗೆ ಬರಲಿಲ್ಲ.

ಮನೆಯಲ್ಲಿ ನೀವು ಪೇಪರು ಓದುವುದನ್ನು ಸಹ ಬಿಟ್ಟಿರಿ. ಮಾಮಿಯೇ ಜಗಲಿಯಲ್ಲಿ ಕೂತು ಓದಿ ಹೇಳುತ್ತಿದ್ದರು, ಮರಣವಾರ್ತೆಯಿಂದ ಹಿಡಿದು ಅಡಿಕೆ ಧಾರಣೆಯ ತನಕ. ನಮಗೆ ಅಡಿಕೆ ಮರ ಒಂದಿಲ್ಲ! ನಾನು ಬಂದಾಗ ಅವರು ಕನ್ನಡಕ ಏರಿಸಿ, "ಈಗ ಇವರಿಗೆ ನಾನೇ ದುರ್ಬೀನು," ಎಂದರು. ಎಷ್ಟು ಖುಷಿಯಲ್ಲಿ ಹೇಳಿದರು ಗೊತ್ತುಂಟಾ? ನಿಮ್ಮನ್ನು ಬಲವಂತ ಮಾಡಿ ಮಣಿಪಾಲಕ್ಕೆ ಕಣ್ಣಿನ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋದದ್ದು ನಾನೇ. ಬೆಂಚಿನಲ್ಲಿ ಕೂತಿದ್ದಿರಿ. ಇನ್ನೇನು ಹೆಸರು ಕರೆಯಬೇಕು, ಎದ್ದು ನಿಂತಿರಿ. "ಬೇಡ. ಹೋಗುವ. ಕೂತು ಕೂತು ಬೆನ್ನು ನೋವು." ನಾನು, ತಮ್ಮಲೆ ಇಷ್ಟು ದೂರ ಬಂದು ಎಂದರೆ, "ಗೊತ್ತಿದ್ದದ್ದನ್ನು ಡಾಕ್ಟ್ರ ಬಾಯಿಂದ ಯಾಕೆ ಕೇಳ್ಬೇಕು?" ಎಂದಿರಿ. ಏನು ಗೊತ್ತಿತ್ತು ನಿಮಗೆ? ಕಣ್ಣು ಹೋಗಿದೆ ಎಂದು ಗೊತ್ತಿತ್ತೋ, ಇಲ್ಲ... ಅಂದು ನಾನು ಹಾಗೆ ಯೋಚಿಸಲಿಲ್ಲ. ಈಗ ಆ ಒಂದು ಮಾತು ಕಿವಿಯಲ್ಲಿ ಕೂತು ಬಿಟ್ಟಿದೆ.

ಅದೇ ಚಳಿಗಾಲದಲ್ಲಿ ಒಂದು ಸಂಜೆ ನಾವಿಬ್ಬರೂ ಜಗಲಿಯಲ್ಲಿ ಕೂತಿದ್ದಾಗ ರಸ್ತೆಯಲ್ಲಿ ಯಾರೋ ಸೈಕಲಿನಲ್ಲಿ ಹೋದರು. "ಹಿಂದಿನ ಚಕ್ರದ ಕಡ್ಡಿ ಸಡಿಲ ಉಂಟು, ಕರೆದು ಹೇಳು," ಎಂದಿರಿ. ನಾನು ಓಡಿ ಹೋಗಿ ನಿಲ್ಲಿಸಿ ನೋಡಿದರೆ ಹೌದು! ಸೈಕಲ್ ರಿಪೇರಿಯವನು ನಾನು, ನನಗೇ ಕಂಡಿರಲಿಲ್ಲ. ಕಣ್ಣು ಹೋದವರಿಗೆ ಹೇಗೆ ಕಂಡಿತು? ಅಥವಾ ಕಿವಿಗೆ ಕೇಳಿಸಿತ್ತೇ? ಕಡ್ಡಿ ಸಡಿಲವಾದರೆ ಟಿಕ್ ಟಿಕ್ ಎನ್ನುತ್ತದೆ, ಅದೂ ಹೌದು. ಮಿಲಿಟರಿಯವರ ಕಿವಿ... ಹೀಗೆ ಒಂದು ಕಡೆಯಿಂದ ಗಟ್ಟಿ ಎಂದು ಹಿಡಿದದ್ದು ಇನ್ನೊಂದು ಕಡೆಯಿಂದ ಕಳಚುತ್ತದೆ. ಕೇಳಬೇಕು ಎಂದಿದ್ದೆ. ನಮ್ಮ ಹೊಸ ವರ್ಷದ ಬಿಸು ಹಬ್ಬಕ್ಕೆ ಮೊದಲೇ ನೀವು ಅದೇ ಕುರ್ಚಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿರಿ.

ಈ ವರ್ಷ ಸೋಣ ಕಳೆದ ಮೇಲೆ ತೋಟೆಗಳನ್ನು ಕಾಮತ್ ಮಾಸ್ಟ್ರ ಲೈಸೆನ್ಸಿಗೆ ಬದಲಾಯಿಸಿಕೊಳ್ಳಲು ನಾವಿಬ್ಬರೂ ಕಾರ್ಕಳದ ಮನೆಗೆ ಹೋದೆವು. ಮಾಸ್ಟ್ರು ಕೆಳಗೆ ಕಾಫಿ ಕುಡಿಯುತ್ತಿದ್ದರು. ಮಾಮಿ ನನ್ನನ್ನು ತಾರಸಿಗೆ ಕರೆದರು.

"ಬಾ ಬಾ ಸುಧಾಕರ. ಮೇಲುಂಟು ನಿಮ್ಮ ಸಾಮಾನು. ಒಣಗಿಸಿ ಇಟ್ಟಿದ್ದೇನೆ."

"ಎಂತ ಒಣಗಿಸಿದ್ದು ಮಾಮಿ?"

"ಎಂತ ಅಂದ್ರೆ? ತೋಟೆ! ಮಳೆಗಾಲದಲ್ಲಿ ಪೂರಾ ಬೂಷ್ಟು ಹಿಡಿದಿತ್ತು ಮಾರಾಯ. ಒಂದೊಂದರ ತಲೆಯಲ್ಲಿಯೂ ಬೆಳ್ಳಗೆ, ಅಂಟಂಟು."

ತಾರಸಿಯಲ್ಲಿ ಚಾಪೆಯ ಮೇಲೆ ಹುಣಸೆಹಣ್ಣು, ಅದರ ಪಕ್ಕ ಕಾಳುಮೆಣಸು, ಅದರ ಪಕ್ಕ ಪಟ್ಟೆ ಸೀರೆಗಳು. ನಮ್ಮಲ್ಲಿ ಮಳೆ ಬಿಟ್ಟ ಮೇಲೆ ಯಾರ ಮನೆಯಲ್ಲಿ ಹೀಗಲ್ಲ? ಬೂಷ್ಟು ಹಿಡಿಯದ ವಸ್ತು ಯಾವುದುಂಟು? ಚಪ್ಪಲಿ, ಪುಸ್ತಕ, ದೇವರ ಪಟದ ಹಿಂಬದಿ. ಮೊದಲ ಬಿಸಿಲಿಗೆ ಎಲ್ಲವನ್ನೂ ಒರೆಸಿ ಹೊರಗೆ ಹಾಕದಿದ್ದರೆ ಮನೆಯವಳು ಎಂತ ಮನೆಯವಳು? ಹುಣಸೆಹಣ್ಣಿನ ಈಚೆ ಒಂದು ಅಲ್ಯುಮಿನಿಯಮ್ ಹರಿವಾಣದಲ್ಲಿ ತೋಟೆಗಳು ಸಾಲಾಗಿ ಫಳಫಳ ಹೊಳೆಯುತ್ತಿದ್ದವು.

"ಹಳೆಯ ಬೈರಾಸಿನಲ್ಲಿ ಒಂದೊಂದನ್ನೇ ಒರೆಸಿದ್ದು ನೋಡು," ಮಾಮಿ ಹೇಳುತ್ತಲೇ ಇದ್ದರು. "ಹೋದ ವರ್ಷ ಸಹ ನಾನೇ ಮಾಡಿದ್ದು, ಆಗ ಕಪಾಟಿನಲ್ಲಿ ಮೇಲೆ ಇದ್ದ ಪೆಟ್ಟಿಗೆಯದ್ದು. ಅಡಿಯದ್ದಕ್ಕೆ ಪ್ಲಾಸ್ಟಿಕ್ ಇತ್ತು, ಆಗಲೂ ಈಗಲೂ ಮುಟ್ಲಿಲ್ಲ. ಒಣಗಿಸಿ ಹಾಗೆಯೇ ವಾಪಸ್ ಇಟ್ಟೆ. ಅವರಿಗೆ ಗೊತ್ತೇ ಇಲ್ಲ! ಗಂಡಸರಿಗೆ ಬೂಷ್ಟು ಕಾಣ್ತದಾ?"

ನಾನು ಒಂದು ತೋಟೆ ಎತ್ತಿ ಹಿಡಿದೆ. ಬಿಸಿಯಿತ್ತು. ಒಣ ಹುಣಸೆ ಬೀಜದ ಹಾಗೆ, ಒಂದು ಚೂರು ಜಿಡ್ಡಿಲ್ಲ. ಅದು ಬೂಷ್ಟಲ್ಲ ತಮ್ಮಲೆ, ಮೇಣ. ಮೇಣವನ್ನೇ ಒರೆಸಿ ತೆಗೆದಿದ್ದಾರೆ, ಉಳಿದದ್ದನ್ನು ಬಿಸಿಲು ಕುಡಿದಿದೆ. ನಾನು ತೋಟೆ ಹಿಡಿದುಕೊಂಡು ಅಲ್ಲಿಯೇ ಚಾಪೆಯ ಅಂಚಿನಲ್ಲಿ ಕೂತೆ. "ಎಂತ ಆಯ್ತು? ಬಿಸಿಲು ತಾಗಿತಾ? ಮಜ್ಜಿಗೆ ಕೊಡ್ಲಾ?" ಎಂದು ಮಾಮಿ ಕೇಳಿದರು. ನಾನು ಹೂಂ ಎಂದೆ. ಮಜ್ಜಿಗೆ ಕುಡಿದೆ. ಬೇರೆ ಎಂತ ಮಾಡುವುದು?

ಮರುದಿನವೇ ಮಾಸ್ಟ್ರನ್ನು ಕಾಡಿ ಬೇಡಿ ಕೋರೆಗೆ ಕರೆದುಕೊಂಡು ಹೋದೆ. ಕಾರಣ ಹೇಳಲಿಲ್ಲ, ಬ್ಯಾಚು ಪರೀಕ್ಷೆ ಎಂದೆ ಅಷ್ಟೇ. ಏಳನೇ ನಂಬರನ್ನು ಚೀಲದ ಮೇಲಿಟ್ಟು ಮೊದಲು ಪ್ಲಾಸ್ಟಿಕ್ ಪೆಟ್ಟಿಗೆಯದ್ದು ಹೊಡೆದೆ. ಪಾವಲಿ ಮುಚ್ಚಿತು. ಆಮೇಲೆ ಮಾಮಿ ಒಣಗಿಸಿದ್ದು. ಮೊದಲೆರಡು ಸರಿಯಾಗಿಯೇ ಬಿದ್ದವು, ನನಗೆ ಸಮಾಧಾನವಾಗಬೇಕೋ ಬೇಜಾರಾಗಬೇಕೋ ತಿಳಿಯಲಿಲ್ಲ. ಆಮೇಲೆ ಶುರುವಾಯಿತು, ಎಡಕ್ಕೊಂದು, ಆಕಾಶಕ್ಕೊಂದು. ಪುನಃ ಪ್ಲಾಸ್ಟಿಕ್ ಪೆಟ್ಟಿಗೆಯ ಒಳ್ಳೆಯ ತೋಟೆ ಹಾಕಿದೆ. ಅದೂ ಚೆಲ್ಲಾಪಿಲ್ಲಿ! ಮೇಣವಿಲ್ಲದ ಗುಂಡು ಹೋಗುವಾಗ ತನ್ನ ಸೀಸವನ್ನು ನಳಿಕೆಗೆ ಮೆತ್ತಿ ಹೋಗುತ್ತದೆ, ಅದರ ಮೇಲೆ ಎಷ್ಟು ಒಳ್ಳೆಯ ಗುಂಡು ಹೋದರೂ ದಾರಿ ತಪ್ಪುತ್ತದೆ. ಇದು ನೀವೇ ನನಗೆ ಎಂದೋ ಹೇಳಿದ ಪಾಠ, ನನ್ನ ಮಂಡೆಯಲ್ಲಿ ಎಲ್ಲಿಯೋ ಬಿದ್ದುಕೊಂಡಿತ್ತು. ಬ್ರಶ್ ಹಾಕಿ ಉಜ್ಜಿದೆ. ಬೂದು ಬಣ್ಣದ ಸಿಪ್ಪೆ ಉದುರಿತು. ಕೆಲವು ಗುಂಡು ಹೊಡೆದು ಪಳಗಿಸಿದ ಮೇಲೆ ಮತ್ತೆ ಪಾವಲಿ ಮುಚ್ಚಿತು. ಅಂದು ನಿಮಗೆ ಆದದ್ದು ಒಂದಕ್ಷರ ಬಿಡದೆ ಹಾಗೆಯೇ.

"ಎಂತ ಸುಧಾಕರ, ಡಾಕ್ಟರೇಟ್ ಮಾಡ್ಲಿಕ್ಕೆ ಹೊರಟದ್ದಾ?" ಎಂದು ಮಾಸ್ಟ್ರು ನಗಾಡಿದರು. ಆಮೇಲೆ ಏಳನೇ ನಂಬರಿನ ಮರ ಸವರುತ್ತಾ, "ಪಾಪ, ನಿಮ್ಮ ಮಾವ. ಅಂಥ ಕೈ ಇತ್ತು. ಕಡೆಗೆ ಕಣ್ಣು ಕೈಕೊಟ್ಟಿತು ನೋಡಿ," ಎಂದರು. ನನ್ನ ನಾಲಗೆಯ ತುದಿಯ ತನಕ ಬಂತು. ಹೇಳಿದರೆ ಅವರು ಕ್ಲಬ್ಬಿನಲ್ಲಿ ಹೇಳುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಅದು ತಿರುಗಿ ತಿರುಗಿ ಕಾರ್ಕಳದ ಜಗಲಿಗೆ ಬಂದೇ ಬರುತ್ತದೆ. ನುಂಗಿಕೊಂಡೆ. ಆದರೂ ಧೈರ್ಯ ಬರಲಿಲ್ಲ, ಮುಂದಿನ ವಾರ ಮತ್ತೊಮ್ಮೆ ಪರೀಕ್ಷೆ ಮಾಡಿದೆ. ಆ ದಿನ ಒಣಗಿಸಿದ ತೋಟೆಯೇ ಅರ್ಧಕ್ಕರ್ಧ ಸರಿ ಬಿತ್ತು, ಒಳ್ಳೆಯದೇ ಒಂದೆರಡು ಹಾರಿತು. ನನ್ನ ಕೈ ನಡುಗಿತೋ, ಗಾಳಿಯೋ? ಸೀಸದ ಕತೆ ನಿಜವಾದರೂ ನಿಮ್ಮ ಕಣ್ಣು ಸಹ ಸ್ವಲ್ಪ ಹೋಗಿತ್ತೋ? ಎರಡೂ ಒಟ್ಟಿಗೆ ಇರಬಾರದು ಎಂದು ಎಲ್ಲಿ ಉಂಟು?

ದೀಪಾವಳಿಗೆ ಹೋದಾಗ ಮಾಮಿಯೇ ಆ ವಿಷಯ ತೆಗೆದರು. ಅವಲಕ್ಕಿ ಬಡಿಸುತ್ತಾ, "ಒಂದು ಕೇಳ್ಲಾ? ಅವರನ್ನು ನಾನು ಜೋರು ಮಾಡಿ ಕಣ್ಣಿನ ಡಾಕ್ಟ್ರಲ್ಲಿಗೆ ಕಳಿಸ್ಬೇಕಿತ್ತಲ್ವಾ? ಕಣ್ಣು ಸರಿಯಾದ್ರೆ ಕೋರೆಗೆ ಹೋಗ್ತಿದ್ರು. ಹೋಗ್ತಾ ಇದ್ರೆ ಆ ಕುರ್ಚಿಯಲ್ಲಿ ಹಾಗೆ ಕೂತು ಕೂತು... ನಾನೇ ಪೇಪರ್ ಓದಿ ಹೇಳ್ತೇನೆ ಅಂತ ಕೂತುಬಿಟ್ಟೆ. ನನಗೆ ಅದೇ ಹಿತವಾಗಿತ್ತು ಮಾರಾಯ, ಅಷ್ಟು ವರ್ಷ ಮಿಲಿಟರಿ, ಆಮೇಲೆ ಕೋರೆ, ಈಗಲಾದ್ರೂ ಮನೆಯಲ್ಲಿದ್ದಾರಲ್ಲ ಅಂತ," ಎಂದರು. ಸೆರಗಿನಿಂದ ಮೂಗು ಒರೆಸಿಕೊಂಡರು. ಇಲ್ಲ ಮಾಮಿ, ಅವರ ಕಣ್ಣು ಸರಿಯಿತ್ತು, ಡಾಕ್ಟ್ರಲ್ಲಿಗೆ ಹೋಗಲೇಬೇಕೆಂದಿರಲಿಲ್ಲ ಎಂದು ಹೇಳಿದರೆ ಅವರ ಈ ಒಂದು ನೋವು ಹೋಗುತ್ತದೆ. ಮತ್ತೆ ಹೇಗೆ ಹಾಗಾಯಿತು ಎಂದು ಕೇಳುತ್ತಾರಲ್ಲ, ಆಗ? ಬೈರಾಸು, ಹರಿವಾಣ, ಬಿಸಿಲು. ಒಂದನ್ನು ತೆಗೆದು ಇನ್ನೊಂದನ್ನು ಇಟ್ಟ ಹಾಗೆ. ಯಾವುದು ಹೆಚ್ಚು ಭಾರ? ನನಗೆ ತೂಗಲಿಕ್ಕೆ ಬರುವುದಿಲ್ಲ. "ಉಪ್ಪು ಬೇಕಾ?" ಎಂದರು. "ಹೂಂ," ಎಂದೆ, ಉಪ್ಪು ಸರಿಯಾಗಿಯೇ ಇತ್ತು.

ಆ ದಿನ ವಾಪಸು ಬರುವಾಗ, ಬಸ್ಸು ಕೋರೆಯ ಹತ್ತಿರ ತಿರುಗುವಲ್ಲಿ, ಇಷ್ಟು ಸಮಯ ಮರೆತೇ ಹೋಗಿದ್ದ ಒಂದು ಸಂಗತಿ ಪಕ್ಕನೆ ನೆನಪಾಯಿತು. ಅಂದು ಎರಡನೆಯ ಪೆಟ್ಟಿಗೆಯೂ ಚೆಲ್ಲಿ ಹೋದ ಮೇಲೆ, ರೈಫಲನ್ನು ನನ್ನ ಕೈಗೆ ಕೊಡುವ ಮೊದಲು, ನೀವು ಅದರ ಬೋಲ್ಟ್ ಕಳಚಿ ನಳಿಕೆಯನ್ನು ಆಕಾಶಕ್ಕೆ ಹಿಡಿದು ಒಳಗೆ ನೋಡಿದಿರಿ. ಸುಮಾರು ಹೊತ್ತು ನೋಡಿದಿರಿ. ಕಣ್ಣಿಂದ ತೆಗೆದು, ಕಣ್ಣು ಒರೆಸಿಕೊಂಡು, ಪುನಃ ಇಟ್ಟಿರಿ. ಆಮೇಲೆಯೇ ಬ್ರಶ್ ಹಾಕು ಎಂದದ್ದು.

ಏನು ಕಂಡಿತು ತಮ್ಮಲೆ? ಸೀಸದ ಬೂದು ಗೆರೆಗಳು ಕಂಡಿದ್ದರೆ ನಿಮಗೆ ಆ ಕ್ಷಣಕ್ಕೇ ಎಲ್ಲ ಗೊತ್ತಾಗಿರಬೇಕು. ಮನೆಯ ಕಪಾಟು, ಮನೆಯ ತಾರಸಿ, ಮನೆಯವಳ ಬೈರಾಸು. ಹಾಗಾದರೆ ಉಜ್ಜಿಸಿ ಗುರುತು ಅಳಿಸಿದಿರಿ, ಕಣ್ಣು ಹೋಯಿತು ಎಂದು ನಿಮ್ಮ ಮೇಲೆಯೇ ಹಾಕಿಕೊಂಡಿರಿ, ಡಾಕ್ಟ್ರು ಕಣ್ಣು ಸರಿ ಉಂಟು ಎಂದಾರು ಎಂದು ಬೆಂಚಿನಿಂದ ಎದ್ದು ಬಂದಿರಿ, ಓದಲು ಬರುತ್ತಿದ್ದ ಪೇಪರನ್ನು ಅವರ ಬಾಯಿಂದ ಓದಿಸಿಕೊಂಡಿರಿ. ಇಲ್ಲ, ಒಳಗೆ ಅಷ್ಟು ಸೀಸವಿದ್ದೂ ನಿಮಗೆ ಕಾಣಲಿಲ್ಲ ಎಂದಾದರೆ... ಆಗ ಕಣ್ಣು ಹೋದದ್ದು ನಿಜವೇ. ಮಾಮಿಯ ತಪ್ಪೂ ಅಲ್ಲ, ಯಾರ ತಪ್ಪೂ ಅಲ್ಲ, ಬ್ರಶ್ ಹಾಕಿಸಿದ್ದು ರೈಫಲನ್ನು ಶುದ್ಧ ಮಾಡಿ ಒಪ್ಪಿಸುವ ಮರ್ಯಾದೆಗೆ. ನನಗೆ ಒಂದು ಗಂಟೆ ಹೀಗೆ ಅನಿಸುತ್ತದೆ, ಇನ್ನೊಂದು ಗಂಟೆ ಹಾಗೆ.

ನಿಮಗೆ ತಿಳಿಯದ ಒಂದು ಸುದ್ದಿ ಹೇಳುತ್ತೇನೆ. ತೋಟೆಗಳೆಲ್ಲ ಈಗ ಮಣಿಪಾಲದಲ್ಲಿ ಮಾಸ್ಟ್ರ ಕಪಾಟಿನಲ್ಲಿವೆ. ಮಾಮಿ ಒಣಗಿಸಿದವುಗಳನ್ನು ನಾನೇ ಹೊಡೆದು ಮುಗಿಸಿದೆ, ಒಂದೂ ಉಳಿದಿಲ್ಲ. ಇನ್ನು ಯಾರೂ ಅವುಗಳನ್ನು ಮುಟ್ಟಿ ನೋಡಿ ಕೇಳುವ ಹಾಗಿಲ್ಲ. ನೀವು ಕಂಡೂ ಸುಮ್ಮನಿದ್ದದ್ದಾದರೆ ನಾನೂ ಸಾಯುವ ತನಕ ಸುಮ್ಮನಿರುತ್ತೇನೆ, ಮಾತು ಕೊಟ್ಟೆ. ಕಾಣದೆ ಮೋಸ ಹೋದದ್ದಾದರೆ ಮಾತ್ರ ಹೇಳಿ, ಮಾಸ್ಟ್ರಿಗಾದರೂ ಒಮ್ಮೆ ಹೇಳಿಬಿಡುತ್ತೇನೆ, ಕಣ್ಣು ಹೇಗಿದ್ದರೂ ನಿಮ್ಮ ಕೈ ಕಡೆಯ ತನಕ ಅದೇ ಕೈಯಾಗಿತ್ತು ಎಂದು. ಅಂದು ಆಕಾಶ ಬೆಳಗಿತ್ತು, ಸೂರ್ಯ ನಿಮ್ಮ ಬೆನ್ನ ಹಿಂದೆ ಇದ್ದ, ನನಗೆ ಚೆನ್ನಾಗಿ ನೆನಪುಂಟು. ಆದ್ದರಿಂದ ನಿಧಾನಕ್ಕೆ, ಆ ನಳಿಕೆಯೊಳಗೆ ಒಂದು ಸಲ ಪುನಃ ನೋಡಿ ಹೇಳಿ, ಒಳಗೆ ಬೂದು ಗೆರೆ ಇತ್ತಾ, ಇರಲಿಲ್ಲವಾ?

ನಿಮ್ಮ ಅಳಿಯ,
ಸುಧಾಕರ
ಕಾಪು